ಕಿವಿ ಮುಟ್ಟದೆ ಕಿವಿನೋವು ತಯಾರಿಸುವ ವಿಧಾನ

ಬೇಕಾಗುವ ಸಾಮಾನು: ಒಂದು ದವಡೆ, ಒಂದು ಚಿಂತೆ. ಎರಡನೆಯದು ನಮ್ಮ ಕಡೆ ಪುಗಸಟ್ಟೆ. ಕೂಡ್ಲಿಗಿಯಲ್ಲಿ ಶೇಂಗಾ ಬಿತ್ತಿ ಮುಗಿಲು ನೋಡುತ್ತಾ ನಿಂತರೆ ಸಾಕು. ಹಗರಿಬೊಮ್ಮನಹಳ್ಳಿಯಲ್ಲಿ ಈರುಳ್ಳಿ ಕಿತ್ತು ದರ ಕೇಳಿದರೂ ಆದೀತು. ಹರಪನಹಳ್ಳಿಯವರಿಗೆ ಇನ್ನೊಂದು ದಾರಿಯಿದೆ. ಅವರ ತಾಲ್ಲೂಕು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಕಾಗದ ಈಗ ಯಾವ ಊರಲ್ಲಿದೆ ಎಂದು ಯೋಚಿಸಿದರೇ ಹಲ್ಲು ತಾವಾಗಿ ಕೂಡಿಕೊಳ್ಳುತ್ತವೆ.

ಮೊದಲು ಅವುಡುಗಚ್ಚಿರಿ. ಸಹಿಸುವುದಕ್ಕೆ ಕನ್ನಡ ಇಟ್ಟ ಹೆಸರೇ ಇದು, ಹೊಸದಾಗಿ ಕಲಿಯಬೇಕಿಲ್ಲ. ಹಗಲು ಕಚ್ಚಿದ್ದು ಸಾಲದಿದ್ದರೆ ರಾತ್ರಿ ನಿದ್ದೆಯಲ್ಲಿ ಕಟಕಟ ಕಡಿಯಿರಿ. ಪಕ್ಕದಲ್ಲಿ ಮಲಗಿದವರು ಸಾಕ್ಷಿ ಹೇಳುತ್ತಾರೆ.

ಆಮೇಲೆ ದವಡೆಗೆ ದುಡಿಮೆ ಕೊಡಿ. ಖಡಕ್ ರೊಟ್ಟಿಯನ್ನು ಒಂದೇ ಮಗ್ಗುಲಲ್ಲಿ ಅಗಿಯಿರಿ, ಮೇಲೆ ಅಡಿಕೆ. ಹಡಗಲಿ ಮಲ್ಲಿಗೆ ಕಟ್ಟುವವರು ದಾರವನ್ನು ಹಲ್ಲಲ್ಲೇ ಕಡಿಯಬಹುದು. ಕೊಟ್ಟೂರಿನ ಒಗ್ಗರಣೆ ಮಂಡಕ್ಕಿ ಈ ಕೆಲಸಕ್ಕೆ ಬಾರದು, ತೀರಾ ಮೆತ್ತಗೆ. ಆದರೆ ಜೊತೆಗಿನ ಮಿರ್ಚಿಗೆ ಬಾಯಿ ಅಗಲಿಸಿದಾಗ ಕಿವಿಯ ಮುಂದೆ ‘ಟಕ್’ ಅಂದು ನೋವೂ ಎದ್ದರೆ ಪಾಕ ಹದಕ್ಕೆ ಬಂತು.

ಇನ್ನು ಫಲ: ಕಿವಿಯೊಳಗೆ ಮಂದ ನೋವು, ಹತ್ತಿ ತುರುಕಿದಂಥ ಬಿಗಿತ, ಗುಂಯ್ ಎನ್ನುವ ಸದ್ದು, ಕಣತಲೆ ಸಿಡಿತ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ “ಕಿವಿ ಚಲೋ ಐತಲ್ರಿ” ಅಂದರೆ ನಿರಾಶರಾಗಬೇಡಿ. ದವಡೆಯ ಕೀಲು ಇರುವುದು ಕಿವಿಯ ಹಾದಿಯ ಮುಂದೆಯೇ, ನಡುವೆ ತೆಳು ಗೋಡೆ. ಕೀಲಿಗೆ ಹೋಗುವ ನರದ ಕವಲೇ ಕಿವಿಯ ಮುಂಭಾಗಕ್ಕೂ ಹೋಗುತ್ತದೆ. ಜಗಳ ಒಂದು ಮನೆಯದು, ಫಿರ್ಯಾದು ಪಕ್ಕದ ಮನೆಯಿಂದ! ಅಮೆರಿಕದ ಕಿವಿ-ಗಂಟಲಿನ ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲೇ ಈ ನಂಟನ್ನು ಬರೆದಿಟ್ಟ. ಅವನು ಕೊಟ್ಟ ಕಾರಣಗಳೆಲ್ಲ ನಿಲ್ಲಲಿಲ್ಲ, ನಂಟು ನಿಂತಿತು.

ಈ ಸರಕನ್ನು ಕೆಡಿಸುವವರೂ ಇದ್ದಾರೆ. ತುಟಿ ಕೂಡಿಸಿ ಹಲ್ಲು ಬಿಡಿಸಿ ಇಟ್ಟುಕೊಳ್ಳುವವರು, ಕೆನ್ನೆಗೆ ಬಿಸಿನೀರಿನ ಬಟ್ಟೆ ಒತ್ತುವವರು, ನಾಲ್ಕು ವಾರ ರೊಟ್ಟಿ ಬಿಟ್ಟು ಮುದ್ದೆ ನುಂಗುವವರು. ಇವರಿಂದ ದೂರವಿರಿ. ಬೆಳ್ಳುಳ್ಳಿ ಕಾಸಿದ ಎಣ್ಣೆ ಕಿವಿಗೆ ಬಿಡುವ ಅಜ್ಜಿಯಿಂದ ನೋವಿಗೇನೂ ಭಯವಿಲ್ಲ, ಎಣ್ಣೆ ಕೀಲಿನ ತನಕ ಹೋಗುವುದೇ ಇಲ್ಲ. ಕಿವಿಯ ತಮಟೆ ತೂತಾಗಿದ್ದರೆ ಮಾತ್ರ ಬೇರೆಯೇ ರಾದ್ಧಾಂತ.

ಕಿವಿ ಸೋರಿದರೆ, ಜ್ವರ ಬಂದರೆ, ಕೇಳಿಸುವುದು ತಟ್ಟನೆ ಕಡಿಮೆಯಾದರೆ ಈ ಕೈಪಿಡಿ ಮಡಚಿಟ್ಟು ಡಾಕ್ಟರ ಬಳಿ ಓಡಿ. ಆ ಮಾಲು ನಮ್ಮದಲ್ಲ.