ಮಿಸ್ಸಿಂಗ್ ಹೊಡೆಯುವ ಯೆಜ್ಡಿ: ಮಂಡ್ಯ ಸೀಮೆಯ ಬಳಕೆದಾರರ ಕೈಪಿಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿ ಇಂದಿಗೂ ಮಂಡ್ಯ, ಮದ್ದೂರು, ಮಳವಳ್ಳಿ ರಸ್ತೆಗಳಲ್ಲಿ ಹೊಗೆ ಬಿಡುತ್ತಿರುವ ಎರಡು ಸೈಲೆನ್ಸರಿನ 250 ಸಿಸಿ ಗಾಡಿಗಳಿಗೆ ಮಾತ್ರ ಈ ಕೈಪಿಡಿ ಅನ್ವಯ. ಈಚೆಗೆ ಅದೇ ಹೆಸರಲ್ಲಿ ಬಂದ ಗಾಡಿಯವರು ಓದುವುದು ಬೇಡ. ಅವಕ್ಕೆ ಕಾರ್ಬೊರೇಟರೇ ಇಲ್ಲ.

ಬೇಕಾಗುವ ಸಾಮಾನು: ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಎಮರಿ ಪೇಪರ್ ಚೂರು, ಹಳೇ ಬನಿಯನ್, ಒಂದು ಹೊಸ ಪ್ಲಗ್. ಕೇಳದೆಯೇ ಸಿಗುವುದು: ಜನ.

ನೀವು ಸ್ಟ್ಯಾಂಡ್ ಹಾಕುವಷ್ಟರಲ್ಲಿ ಮೊದಲನೆಯವರು ಹಾಜರು. "ಏನಣ್ಣ, ಕಾರ್ಬೇಟರ್ರಾ?" ಉತ್ತರ ಕೊಡಬೇಡಿ. ಎರಡನೆಯವರು ತೀರ್ಪನ್ನೇ ಕೊಡುತ್ತಾರೆ: "ಕಾರ್ಬೇಟರೇ ಕಣಣ್ಣ, ಬಿಚ್ಚಾಕು." ಬಿಚ್ಚಬೇಡಿ. ಮೂರನೆಯವರು ಟ್ಯಾಂಕ್ ಅಲ್ಲಾಡಿಸಿ ಪೆಟ್ರೋಲ್ ಇದೆಯೇ ಎಂದು ಕಿವಿಗೊಡುತ್ತಾರೆ. ಮೂವರಲ್ಲಿ ಕೆಲಸ ಮಾಡಿದವರು ಇವರೊಬ್ಬರೇ, ಜೊತೆಗಿಟ್ಟುಕೊಳ್ಳಿ.

ಇದು ಕಾಯಿಲೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ಒಳಗೇ ಉಳಿಯುತ್ತದೆ. ಹಾಗಾಗಿ ಒಂದು ಸುತ್ತು ಬಿಟ್ಟು ಇನ್ನೊಂದು ಸುತ್ತಿಗೆ ಉರಿಯುತ್ತದೆ. ಅದು ಹುಟ್ಟುಗುಣ, ಮದ್ದಿಲ್ಲ. ಹಿಂದೆ ಮನೆಯವರನ್ನೂ ಮುಂದೆ ಅಕ್ಕಿ ಚೀಲವನ್ನೂ ಇಟ್ಟುಕೊಂಡು ಏರು ಹತ್ತುವಾಗ ಕೆಮ್ಮಿದರೆ ಮಾತ್ರ ಮುಂದೆ ಓದಿ.

ಪ್ಲಗ್ ಬಿಚ್ಚಿ. ತುದಿ ಮಂಡ್ಯದ ಬೆಲ್ಲದ ಬಣ್ಣಕ್ಕಿದ್ದರೆ ಒಳಗೆ ಎಲ್ಲ ಕ್ಷೇಮ. ಕಪ್ಪಾಗಿ ಒದ್ದೆಯಾಗಿದ್ದರೆ ನೀವೇ ಕೈತುಂಬ ಆಯಿಲ್ ಸುರಿದಿದ್ದೀರಿ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹೊಸ ಪ್ಲಗ್ ಹಾಕಿದ ಮೇಲೂ ಕೆಮ್ಮಿದರೆ ಬಲಗಡೆಯ ಕವರ್ ತೆಗೆಯಿರಿ. ರೋಗ ಹೆಚ್ಚಾಗಿ ಅಡಗಿರುವುದು ಇಲ್ಲಿ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.4 ಮಿ.ಮೀ. ಇರಬೇಕು. ಫೀಲರ್ ಗೇಜ್ ಇಲ್ಲದಿದ್ದರೆ ವಿಸಿಟಿಂಗ್ ಕಾರ್ಡ್ ತೂರಿಸಿ. ಲಗ್ನಪತ್ರಿಕೆ ದಪ್ಪ, ಬೇಡ. ಎಮರಿಯಿಂದ ಹಗುರಾಗಿ ಉಜ್ಜಿ, ಪುಡಿ ಉಳಿಯದಂತೆ ಬನಿಯನ್ನಿನಿಂದ ಒರೆಸಿ. ಇಂಜಿನ್ ಓಡುವಾಗ ಪಾಯಿಂಟಿನಲ್ಲೇ ನೀಲಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಹೋಗಿದೆ. ಇದು ತಣ್ಣಗಿದ್ದಾಗ ಸಜ್ಜನ. ಮದ್ದೂರು ಬಿಟ್ಟು ಕೆ.ಎಂ. ದೊಡ್ಡಿ ಬರುವಷ್ಟರಲ್ಲಿ ಕಾದು ಕೈಕೊಡುತ್ತದೆ. ಶಿವಪುರದ ಸತ್ಯಾಗ್ರಹ ಸೌಧದ ಮುಂದೆಯೇ ಕೂತುಬಿಟ್ಟರೆ, 1938ರಲ್ಲಿ ಧ್ವಜ ಹಾರಿಸಿದವರ ಜಾಗದಲ್ಲಿ ಕೂತಿದೆ ಎಂದು ಮರ್ಯಾದೆಯಿಂದ ಕಾಯಿರಿ. ಆರಿದ ಮೇಲೆ ಎದ್ದೇಳುತ್ತದೆ.

ಕಿಡಿ ಸರಿಯಿದ್ದರೆ ಪೆಟ್ರೋಲು. ಟ್ಯಾಂಕಿನ ಮುಚ್ಚಳ ತೆರೆದಾಗ 'ಸುಸ್' ಎಂದು ಗಾಳಿ ಒಳನುಗ್ಗಿ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ತೂತು ಕಟ್ಟಿದೆ, ಪಿನ್ನು ಸಾಕು. ಹೊಸ ತಲೆನೋವು ಬೇರೆ ಇದೆ. ಬಂಕಿನ ಪೆಟ್ರೋಲಿನಲ್ಲಿ ಈಗ ಶೇ. 20ರಷ್ಟು ಎಥನಾಲ್. ಅದು ಗಾಳಿಯ ತೇವ ಕುಡಿಯುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಬೇರ್ಪಟ್ಟು ಕೆಳಗಿಳಿದು ಕಾರ್ಬೊರೇಟರ್ ಬಟ್ಟಲು ಸೇರುತ್ತದೆ. ಎಥನಾಲ್ ಆಗುವುದು ಕಬ್ಬಿನಿಂದಲೂ. ಕಬ್ಬಿನ ಬಾಕಿ ಹಣ ಬರದಿದ್ದರೂ ಕಬ್ಬು ಮಾತ್ರ ಈ ರೂಪದಲ್ಲಿ ಬೆಳೆದವನ ಮನೆಗೇ ವಾಪಸ್ ಬರುತ್ತದೆ. ಈಗ, ಈಗ ಮಾತ್ರ, ಆ ಎರಡನೆಯವರನ್ನು ಕರೆದು ಕಾರ್ಬೇಟರ್ ಬಿಚ್ಚಲು ಹೇಳಿ.

ಒಂದು ಸಲಕ್ಕೆ ಒಂದೇ ಭಾಗ ಮುಟ್ಟಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯುವುದಿಲ್ಲ, ಮೊದಲನೆಯವರು ತಮ್ಮಿಂದಲೇ ಎನ್ನುತ್ತಾರೆ.

ಟೆಸ್ಟ್ ರೈಡಿಗೆ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥ ಹತ್ತಬೇಡಿ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ.