ಸೆಟ್ ಕಳಚಿದ ಮೇಲಿನ ರಾಕ್ಷಸವಧೆ: ಒಂದು ಶಾಸ್ತ್ರೀಯ ವಿವೇಚನೆ

ರಂಗಕರ್ಮಿಯು ರಾತ್ರಿ ಹತ್ತೂವರೆಯ ನಂತರ ಏನು ಮಾಡುತ್ತಾನೆ ಎಂಬ ವಿಷಯದಲ್ಲಿ ನಮ್ಮ ನಾಟ್ಯಮೀಮಾಂಸಕರು ಅನುಮಾನಾಸ್ಪದವಾದ ಮೌನ ತಾಳಿದ್ದಾರೆ. ಪರದೆ ಏಳುವವರೆಗಿನ ವಿಧಿಗಳಿಗೆ ಗ್ರಂಥಗಳಿವೆ. ಪರದೆ ಬಿದ್ದ ಮೇಲೆ ಸೆಟ್ ಕಳಚಿ, ಲೈಟು ಇಳಿಸಿ, ಕೇಬಲ್ ಸುತ್ತಿ, ಎಲ್ಲವನ್ನೂ ಟೆಂಪೋಗೆ ತುಂಬಿ, ಬಾಡಿಗೆಯ ಜಗಳ ಮುಗಿಸಿ ಮನೆ ಸೇರಿದವನು ನೇರವಾಗಿ ಮಲಗಿದನೆಂದು ಎಲ್ಲರೂ ನಂಬಿಕೊಂಡಂತಿದೆ. ಅವನು ಮಲಗುವುದಿಲ್ಲ. ಹೆಡ್‌ಫೋನ್ ಏರಿಸಿಕೊಂಡು ಅಜೆರಾತ್ ಎಂಬ ಲೋಕಕ್ಕೆ ಇಳಿದು, ಪೋಲೆಂಡು ಪೋರ್ಚುಗಲ್ಲುಗಳ ಅಪರಿಚಿತರ ಜೊತೆಗೂಡಿ ರಾಕ್ಷಸರನ್ನು ಕೊಲ್ಲುತ್ತಾನೆ. ಶಾಸ್ತ್ರದ ಈ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ ಇದು. (‘ವಿನಮ್ರ’ ಎಂಬುದು ಇಂಥ ಪ್ರಬಂಧಗಳ ಮೊದಲ ಪುಟದಲ್ಲಿ ಇರಲೇಬೇಕಾದ ಶಬ್ದ. ಓದುಗರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.)

ಮೊದಲು ಕಾಲನಿರ್ಣಯ. 2004ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಶಂಕರ್ ನಾಗ್ ನೆನಪಿನ ರಂಗಶಂಕರ ಬಾಗಿಲು ತೆರೆಯಿತು. ಅದೇ ವರ್ಷದ ನವೆಂಬರ್ 23ರಂದು ಅಮೆರಿಕದಲ್ಲಿ ಅಜೆರಾತ್‌ಗೆ ದಾರಿಯಾದ ಆನ್‌ಲೈನ್ ಆಟ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ತೆರೆಯಿತು. ಸಾಮಾನ್ಯರು ಇದನ್ನು ಕಾಕತಾಳೀಯ ಎನ್ನುತ್ತಾರೆ. ಕಾಕತಾಳೀಯಕ್ಕೆ ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡದ ಕಾರಣ ನಾವು ಇದನ್ನು ಕಾರ್ಯಕಾರಣ ಸಂಬಂಧವೆಂದೇ ಹಿಡಿಯುತ್ತೇವೆ. ಅತ್ತ, ಏಳೂವರೆ ಎಂದರೆ ಏಳೂವರೆಗೇ ಬಾಗಿಲು ಹಾಕಿ, ತಡವಾಗಿ ಬಂದವರನ್ನು, ಅವರು ಎಷ್ಟೇ ದೊಡ್ಡವರಾದರೂ, ಕ್ಯಾಂಟೀನಿನ ಸಬ್ಬಕ್ಕಿ ವಡೆಯ ಕಡೆಗೆ ತಿರುಗಿಸುವ ರಂಗಮಂದಿರ. ಇತ್ತ, ಎಂಟು ಎಂದರೆ ಎಂಟಕ್ಕೇ ಗುಂಪು ಕಟ್ಟಿ, ತಡವಾದವನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸುವ ಆಟ. ನಮ್ಮ ನಾಡಿನಲ್ಲಿ ಗಡಿಯಾರಕ್ಕೆ ಒಂದೇ ಹಂಗಾಮಿನಲ್ಲಿ ಎರಡು ಕಡೆಯಿಂದ ಮರ್ಯಾದೆ ಸಿಕ್ಕಿದ್ದು ಅದೇ ಮೊದಲಿರಬೇಕು.

ಇನ್ನು ಮುನಿವಚನ. ನಾಟ್ಯಶಾಸ್ತ್ರದ 27ನೆಯ ಅಧ್ಯಾಯದಲ್ಲಿ ಭರತನು ನಡುರಾತ್ರಿ, ನಡುಹಗಲು, ಸಂಧ್ಯಾಕಾಲ ಮತ್ತು ಊಟದ ಹೊತ್ತಿನಲ್ಲಿ ಪ್ರಯೋಗ ಕೂಡದೆಂದು ವಿಧಿಸಿದ್ದಾನೆ. ಊಟದ ಹೊತ್ತಿನ ನಿಷೇಧ ಅರ್ಥವಾಗುವಂಥದ್ದು. ಉತ್ಸವಗಳಲ್ಲಿ ಊಟದ ಗಂಟೆ ಬಾರಿಸಿದ ಮೇಲೆ ಪ್ರೇಕ್ಷಕರನ್ನು ಹಿಡಿದಿಟ್ಟವರು ಇದುವರೆಗೆ ಹುಟ್ಟಿಲ್ಲ. ನಡುರಾತ್ರಿಯನ್ನು ಮುನಿ ಯಾಕೆ ಖಾಲಿ ಬಿಟ್ಟ ಎಂಬುದೇ ಪ್ರಶ್ನೆ. ದೂರದರ್ಶಿಯಾದ ಅವನು ಆ ಹೊತ್ತನ್ನು ಇನ್ಯಾವುದೋ ಪ್ರಯೋಗಕ್ಕೆ ಕಾದಿರಿಸಿದ್ದ ಎಂಬುದು ನಮ್ಮ ಸಿದ್ಧಾಂತ. ಪುರಾವೆ ಬೇಕಿದ್ದವರು ಸರ್ವರ್‌ಗಳ ಗಡಿಯಾರ ನೋಡಬಹುದು.

ಬೆಂಗಳೂರಿನ ಆಟಗಾರ ಯುರೋಪಿನ ಸರ್ವರ್ ಹಿಡಿದನೆಂದು ಇಟ್ಟುಕೊಳ್ಳಿ. ಅಲ್ಲಿನ ಗಿಲ್ಡ್‌ಗಳು, ಅಂದರೆ ಸಂಘಗಳು, ಪ್ಯಾರಿಸ್ಸಿನ ಗಡಿಯಾರದಲ್ಲಿ ರಾತ್ರಿ ಎಂಟಕ್ಕೆ ರೇಡ್, ಅಂದರೆ ಗುಂಪುದಾಳಿ, ಶುರುಮಾಡಿ ಹನ್ನೊಂದಕ್ಕೆ ಮುಗಿಸುವುದು ರೂಢಿ. ಚಳಿಗಾಲದಲ್ಲಿ ಅದು ನಮಗೆ ಹನ್ನೆರಡೂವರೆಯಿಂದ ಮೂರೂವರೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ತಾಸು ಮುಂದೆ ತಿರುಗಿಸುವುದರಿಂದ ಹನ್ನೊಂದೂವರೆಯಿಂದ ಎರಡೂವರೆ. ಈಗ ಗಮನಿಸಿ. ಯುರೋಪಿನವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು ಅಕ್ಟೋಬರಿನ ಕೊನೆಯ ಭಾನುವಾರ. ಅದಾದ ಕೆಲವೇ ದಿನಗಳಲ್ಲಿ ನವೆಂಬರ್ 1. ರಾಜ್ಯೋತ್ಸವದ ನೆಪದಲ್ಲಿ ಕನ್ನಡ ನಾಡಿನಲ್ಲಿ ನಾಟಕಗಳ ಸುಗ್ಗಿ ಏಳುವುದು, ವೇದಿಕೆಯ ಭಾಷಣಗಳೆಲ್ಲ ಮುಗಿದು ನಾಟಕಕ್ಕೆ ಜಾಗ ಸಿಗುವಾಗ ಒಂಬತ್ತಾಗುವುದು, ಸೆಟ್ ಕಳಚುವಾಗ ಹನ್ನೊಂದೂವರೆಯಾಗುವುದು ಆ ತಿಂಗಳಲ್ಲೇ. ಸರಿಯಾಗಿ ಅದೇ ತಿಂಗಳು ರೇಡ್ ಒಂದು ಗಂಟೆ ತಡಕ್ಕೆ ಸರಿದು ಕಾದು ಕೂರುತ್ತದೆ. ಮತ್ತೆ ಮಾರ್ಚಿನ ಕೊನೆಯ ಭಾನುವಾರ ಅದು ಒಂದು ಗಂಟೆ ಬೇಗ ಬರುತ್ತದೆ. ಏಪ್ರಿಲಿನಲ್ಲಿ ಇದೇ ರಂಗಕರ್ಮಿಗಳು ಮಕ್ಕಳ ಬೇಸಿಗೆ ಶಿಬಿರಗಳಿಗೆ ಬೆಳಿಗ್ಗೆ ಒಂಬತ್ತಕ್ಕೇ ಹಾಜರಾಗಿ ಹುಲಿಯ ಮುಖವಾಡ ಅಂಟಿಸಬೇಕಿರುವುದರಿಂದ ಎರಡೂವರೆಗೆ ಬಿಡುಗಡೆ ದೊರೆಯುವುದು ಅತ್ಯಗತ್ಯ. ಐರೋಪ್ಯ ಸರ್ಕಾರಗಳು ಕನ್ನಡ ರಂಗಭೂಮಿಯ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ತಮ್ಮ ಗಡಿಯಾರ ತಿರುಗಿಸುತ್ತವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ? ಸಂಸ್ಕೃತಿ ಇಲಾಖೆಯ ಅನುದಾನಕ್ಕಿಂತ ಇದು ಹೆಚ್ಚು ನಿಯಮಿತ.

ಲೋಕದ ಮೊದಲ ‘ಲ್ಯಾಗ್’ ದಾಖಲಾದದ್ದೂ ನಾಟ್ಯಶಾಸ್ತ್ರದಲ್ಲೇ. ಇಂದ್ರಧ್ವಜದ ಹಬ್ಬದಲ್ಲಿ ಮೊದಲ ನಾಟಕ ನಡೆಯುತ್ತಿರುವಾಗ ಸಿಟ್ಟಾದ ದೈತ್ಯರು ವಿಘ್ನಗಳನ್ನು ಕರೆತಂದು ನಟರ ಮಾತು, ಚಲನೆ, ನೆನಪು ಮೂರನ್ನೂ ನಿಲ್ಲಿಸಿಬಿಟ್ಟರು. ಇಂಟರ್ನೆಟ್ ಹೋದಾಗ ನಮ್ಮ ಆಟಗಾರನಿಗೆ ಆಗುವುದು ಅಕ್ಷರಶಃ ಇದೇ. ಧ್ವನಿ ತುಂಡಾಗುತ್ತದೆ, ಪಾತ್ರ ಎತ್ತಿದ ಕಾಲನ್ನು ಎತ್ತಿದಂತೆಯೇ ನಿಲ್ಲುತ್ತದೆ, ಮರಳಿ ಬಂದಾಗ ಯಾರು ಸತ್ತರು ಯಾರು ಉಳಿದರು ಒಂದೂ ಗೊತ್ತಿರುವುದಿಲ್ಲ. ಇಂದ್ರ ಧ್ವಜದ ಕೋಲಿನಿಂದ ವಿಘ್ನಗಳನ್ನು ಬಡಿದ. ಆ ಕೋಲಿಗೆ ಜರ್ಜರ ಎಂದು ಹೆಸರಾಯಿತು. ಆಧುನಿಕರು ರೌಟರನ್ನು ಬಡಿಯುತ್ತಾರೆ. ಜರ್ಜರವಾಗುವುದು ರೌಟರೇ.

ಸಂಪರ್ಕ ಸರಿಯಿದ್ದಾಗಲೂ ಬೆಂಗಳೂರಿನಲ್ಲಿ ಒತ್ತಿದ ಗುಂಡಿಗೆ ಯುರೋಪಿನಿಂದ ಉತ್ತರ ಬರಲು 150 ಮಿಲಿಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಇಲ್ಲಿ ಬೆಳಕಿನವರ ಶ್ರೇಷ್ಠತೆ ಪ್ರಕಟವಾಗುತ್ತದೆ. ಹಳೆಯ ಹ್ಯಾಲೊಜೆನ್ ದೀಪಗಳ ತಂತಿ ಕಾದು ಬೆಳಗಲು ಒಂದು ಗಳಿಗೆ ಬೇಕು. ಆದ್ದರಿಂದ ಪಳಗಿದ ಆಪರೇಟರ್ ನಟ ಮಾತು ಮುಗಿಸುವ ತನಕ ಕಾಯುವುದಿಲ್ಲ, ಅವನು ಉಸಿರು ಎಳೆದುಕೊಳ್ಳುವಾಗಲೇ ಫೇಡರ್ ಎತ್ತಿರುತ್ತಾನೆ. ಇಂಥ ಬೆರಳು ಹೀಲರ್ ಆಗಲು ಹೇಳಿಮಾಡಿಸಿದ್ದು. ಪೆಟ್ಟು ಬೀಳುವ ಮೊದಲೇ ಮದ್ದು ಹೊರಟಿರಬೇಕು. ಉದ್ಯೋಗದ ಗೌರವವೂ ಎರಡೂ ಕಡೆ ಒಂದೇ ಬಗೆಯದು: ಎಲ್ಲ ಸರಿಹೋದರೆ ಹೊಗಳಿಕೆ ನಟನಿಗೆ, ಒಂದು ಕ್ಯೂ ತಪ್ಪಿದರೆ ಬೆಳಕಿನವನ ಹೆಸರು ಊರಿಗೆಲ್ಲ ಗೊತ್ತು. ಹದಿನೈದು ವರ್ಷ ಬಾಲ್ಕನಿಯ ಕತ್ತಲಲ್ಲಿ ಕೂತವನಿಗೆ ಸತ್ತವರೆಲ್ಲ ತನ್ನನ್ನೇ ಬೈಯುವುದು ಹೊಸ ಅನುಭವವೇನಲ್ಲ.

ಉಳಿದವರ ಪಾತ್ರಹಂಚಿಕೆಯನ್ನು ಬೇಗ ಮುಗಿಸೋಣ. ನಾಯಕನಟರು ಡಿಪಿಎಸ್ ಆಗುತ್ತಾರೆ, ಅಂದರೆ ಹೊಡೆಯುವವರು. ಯಾರು ಎಷ್ಟು ಹೊಡೆದರೆಂದು ತೋರಿಸುವ ಪಟ್ಟಿ ಪಕ್ಕದಲ್ಲೇ ಇರುವುದು ಅವರಿಗೆ ವಿಮರ್ಶೆಗಿಂತ ಹಿತ. ಬ್ಯಾಕ್‌ಸ್ಟೇಜಿನವರು ಟ್ಯಾಂಕ್ ಆಗಿ ಎಲ್ಲರ ಪೆಟ್ಟು ತಾವು ತಿನ್ನುತ್ತಾರೆ. ನಿರ್ದೇಶಕರು ಬೇಟೆಗಾರನ ವರ್ಗವನ್ನೇ ಆರಿಸಿಕೊಳ್ಳುತ್ತಾರೆ. ಬೇಟೆಗಾರನಿಗೆ ಒಂದು ಸಾಕುಪ್ರಾಣಿ ಇರುತ್ತದೆ, ಅದು ಹೇಳಿದ ಮಾತು ಕೇಳುತ್ತದೆ. ಕ್ಯೂ ಬರುವ ಮೊದಲೇ ವಿಂಗಿನಿಂದ ನುಗ್ಗುವ ಹವ್ಯಾಸಿಗೂ ಅಲ್ಲಿ ಪೂರ್ವಸೂರಿಯಿದ್ದಾನೆ: ಎಲ್ಲರೂ ಯೋಜನೆ ಹಾಕುತ್ತಿರುವಾಗ ತನ್ನ ಹೆಸರನ್ನೇ ಕೂಗುತ್ತ ಒಳನುಗ್ಗಿ ಇಡೀ ಗುಂಪನ್ನು ಕೊಲ್ಲಿಸಿ, 2005ರಲ್ಲಿ ವಿಡಿಯೊ ಮೂಲಕ ಜಗತ್ಪ್ರಸಿದ್ಧನಾದ ಲೀರಾಯ್ ಜೆಂಕಿನ್ಸ್.

ಭರತನ ನಡುರಾತ್ರಿಯ ನಿಷೇಧವನ್ನು ಕರಾವಳಿಯವರು ಶತಮಾನಗಳಿಂದ ಮುರಿಯುತ್ತ ಬಂದಿದ್ದಾರಲ್ಲ ಎಂದು ಆಕ್ಷೇಪಿಸಬಹುದು. ನಿಜ, ಮತ್ತು ಅದು ನಮ್ಮ ವಾದಕ್ಕೇ ಪುಷ್ಟಿ. ಇಡೀ ರಾತ್ರಿಯ ಯಕ್ಷಗಾನದಲ್ಲಿ ಮೊದಲು ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ. ಅದು ಕಲಿಯುವ ಹುಡುಗರಿಗೆ ಮೀಸಲು. ರೇಡ್‌ನಲ್ಲೂ ಮೊದಲು ಸಿಗುವುದು ಹೆಸರಿಲ್ಲದ ಪುಡಿ ರಾಕ್ಷಸರು. ಚೌಕಿಯಲ್ಲಿ ತಾಸುಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಟ್ಟ ಬಣ್ಣದ ವೇಷ ರಾಳದ ಬೆಂಕಿಯ ನಡುವೆ ಅಬ್ಬರಿಸುತ್ತ ಬರುವುದು ಸರಿರಾತ್ರಿ ಕಳೆದ ಮೇಲೆ. ಮೋಲ್ಟನ್ ಕೋರ್ ಎಂಬ ಗುಹೆಯಲ್ಲಿ ಹತ್ತನೆಯವನೂ ಕೊನೆಯವನೂ ಆದ ರಾಗ್ನರಾಸ್ ಲಾವಾದಿಂದ ಏಳುವುದೂ ಸುಮಾರು ಅದೇ ಹೊತ್ತಿಗೆ. ಅವನು ನಡುವೆ ಬೇಸರವಾದರೆ ಲಾವಾದಲ್ಲಿ ಮುಳುಗಿ ಎಂಟು ಮಂದಿ ಅಗ್ನಿಪುತ್ರರನ್ನು ಕಳಿಸುತ್ತಾನೆ. ಹಿರಿಯ ವೇಷಧಾರಿಗಳು ಚೌಕಿಗೆ ಹೋಗಿ ಚಾ ಕುಡಿದು ಬರುವಾಗ ಬಲಗಳನ್ನು ರಂಗದಲ್ಲಿ ಕುಣಿಯಲು ಬಿಟ್ಟಂತೆ ಎಂದು ತಿಳಿಯತಕ್ಕದ್ದು. ಇವೆಲ್ಲವನ್ನೂ ಕೂತಲ್ಲಿಂದ, ಬರಿಯ ಕಂಠದಿಂದ ನಡೆಸುವ ರೇಡ್ ಲೀಡರ್ ಯಾರೆಂದು ಹೇಳಬೇಕಾಗಿಲ್ಲ. ಭಾಗವತರಿಗೆ ಜಾಗಟೆಯಾದರೂ ಇದೆ. ಇವನ ಕೈಯಲ್ಲಿ ಅದೂ ಇಲ್ಲ.

ಹಾಗಾದರೆ ಎರಡನ್ನೂ ತೂಗಿಸುವುದು ಹೇಗೆ ಎಂಬ ಪ್ರಶ್ನೆಯೇ ತಪ್ಪು. ರಂಗಕರ್ಮಿ ನಾಟಕದಿಂದ ತಪ್ಪಿಸಿಕೊಳ್ಳಲು ಆಟಕ್ಕೆ ಹೋಗುವುದಿಲ್ಲ. ನಾಟಕದಲ್ಲಿ ಸಿಗದ ನಾಟಕಕ್ಕಾಗಿ ಹೋಗುತ್ತಾನೆ. ಸಂಜೆ ಆರಕ್ಕೆ ತಾಲೀಮು ಎಂದು ಕರೆದರೆ ಆರೂಮುಕ್ಕಾಲಿಗೆ ಬರುವವರು ಮೂವರು. ರಾಜನಿಗೆ ಆಫೀಸಿನಲ್ಲಿ ರಿಲೀಸ್, ರಾಣಿ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿದ್ದಾಳೆ, ವಿದೂಷಕನಿಗೆ ಧಾರಾವಾಹಿಯ ಶೂಟಿಂಗ್. ಆಮೇಲೆ ಮನೆಗೆ ಹೋಗಿ ಕೂತರೆ, 2019ರಲ್ಲಿ ಮರಳಿ ಬಂದ ಹಳೆಯ ಮಾದರಿಯ ಆಟದಲ್ಲಿ ನಲವತ್ತು ಮಂದಿ, ಎಲ್ಲರೂ ಬೇರೆ ಬೇರೆ ದೇಶದವರು, ಹೇಳಿದ ನಿಮಿಷಕ್ಕೆ ಹಾಜರು. ಎಲ್ಲರೂ ಪಾತ್ರ ಓದಿಕೊಂಡು ಬಂದಿದ್ದಾರೆ. ‘ರೆಡಿ ಚೆಕ್’ ಎಂದರೆ ನಲವತ್ತು ಹಸಿರು ಗುರುತು. ಸತ್ತರೆ ಯಾರೂ ‘ನಾಳೆ ನೋಡೋಣ’ ಎನ್ನುವುದಿಲ್ಲ. ಓಡಿ ಬಂದು ಅದೇ ದೃಶ್ಯವನ್ನು ಮೊದಲಿಂದ ಮಾಡುತ್ತಾರೆ, ಮತ್ತೆ ಸಾಯುತ್ತಾರೆ, ಮತ್ತೆ ಮಾಡುತ್ತಾರೆ. ಕನ್ನಡದ ಯಾವ ಹವ್ಯಾಸಿ ನಿರ್ದೇಶಕ ಇಂಥ ತಾಲೀಮು ಕಂಡಿದ್ದಾನೆ? ಕೆಲವರು ಈ ದೃಶ್ಯ ನೋಡಿ ಕಣ್ಣೀರಿಟ್ಟರೆಂದು ಕೇಳಿದ್ದೇವೆ.

ನಲವತ್ತು ಜಾಸ್ತಿಯಾಯಿತು ಎನ್ನುವವರಿಗೆ ಭರತನಲ್ಲೇ ಸಮಾಧಾನವಿದೆ. 108 ಮೊಳದ ಮಂಟಪ ದೇವತೆಗಳಿಗೆ, ಮನುಷ್ಯರಿಗೆ 64 ಮೊಳದ್ದೇ ಸಾಕು, ದೊಡ್ಡದಾದರೆ ಮಾತು ಕೇಳದು ಮುಖ ಕಾಣದು ಎಂದಿದ್ದಾನೆ. ಆಟ ಕಟ್ಟಿದವರೂ 2007ರಲ್ಲಿ ಎಚ್ಚೆತ್ತು ನಲವತ್ತನ್ನು ಇಪ್ಪತ್ತೈದಕ್ಕೆ ಇಳಿಸಿದರು.

ಕೊನೆಗೆ ಪೂರ್ವಪಕ್ಷ. ಶಾಸ್ತ್ರಕ್ರಮದಲ್ಲಿ ಅದು ಮೊದಲೇ ಬರಬೇಕಿತ್ತು, ಆದರೆ ಈ ಪ್ರಸಂಗದಲ್ಲಿ ಪೂರ್ವಪಕ್ಷ ನಿದ್ದೆಯಿಂದ ಎದ್ದು ಬರುವುದೇ ಮೂರೂವರೆಗೆ. ಇದನ್ನು ಗೃಹಪಕ್ಷ ಎಂದೂ ಕರೆಯುತ್ತಾರೆ; ಪ್ರತಿಪಾದಕರು ಸಾಮಾನ್ಯವಾಗಿ ತಾಯಂದಿರು. ನಾಟಕದಲ್ಲಿ ಕೈಗೆ ಬರುವುದು ಬಸ್ ಚಾರ್ಜು, ಆಟಕ್ಕೆ ಕೈಯಿಂದ ಹೋಗುವುದು ತಿಂಗಳ ಚಂದಾ ಎಂಬ ಅವರ ಆರ್ಥಿಕ ವಾದ ಎಷ್ಟು ಬಲವಾದದ್ದೆಂದರೆ ನಾವು ಅದನ್ನು ಕೈಬಿಟ್ಟಿದ್ದೇವೆ. ನಿದ್ದೆಯ ವಾದಕ್ಕೆ ಉತ್ತರ ಸುಲಭ: ಎರಡನೆಯ ಅಂಕದ ಉದ್ದನೆಯ ಸ್ವಗತದ ಹೊತ್ತಿಗೆ ಬೆಳಕಿನ ಬದಲಾವಣೆ ಇರುವುದಿಲ್ಲ. ಮೂರನೆಯ ವಾದ ಮಾತ್ರ ತುಸು ತೊಡಕಿನದು. ಅಡುಗೆಮನೆಯಲ್ಲಿ ನೀರು ಕುಡಿದು ಹಿಂತಿರುಗುವಾಗ ಬಾಗಿಲಲ್ಲಿ ನಿಂತು ಕೇಳಲಾಗುತ್ತದೆ:

“ಅಲ್ಲ ಕಣೋ, ದಿನಾ ರಾತ್ರಿ ಇಷ್ಟು ಜನರ ಜೊತೆ ಮಾತಾಡ್ತೀಯಲ್ಲ, ಅದರಲ್ಲಿ ಒಬ್ಬರಾದ್ರೂ ನಿನ್ನ ನಾಟಕಕ್ಕೆ ಟಿಕೆಟ್ ತಗೊಂಡಿದ್ದಾರಾ?”

“ಅದು ಹಾಗಲ್ಲಮ್ಮ. ನಮಗೆ ಏಳೂವರೆ ಅಂದ್ರೆ ಅವರಿಗೆ ಮಧ್ಯಾಹ್ನ ಮೂರು. ಎಲ್ಲಾ ಆಫೀಸಲ್ಲಿರ್ತಾರೆ.”

ಬೇಸಿಗೆಯಲ್ಲಾದರೆ ನಾಲ್ಕು.