ಹತ್ತನೇ ಕ್ಲಾಸಿನ ಗಂಟುಮೂಟೆ

ಅಕ್ಕಾ, ಬಟ್ಟೆ ಒಣಗಿಹಾಕಿದ್ದಾಯಿತೇ? ಒಂದು ನಿಮಿಷ ಇತ್ತ ಬನ್ನಿ. ಮಗಳು ‘ಗಂಟುಮೂಟೆ’ ಸಿನಿಮಾ ನೋಡುತ್ತಿದ್ದಳು ಅಂತ ಫೋನ್ ಕಿತ್ತಿಟ್ಟಿದ್ದೀರಂತೆ. ಸ್ಕೂಲಿನಲ್ಲಿ ಪ್ರೀತಿ ಮಾಡೋ ಕಥೆ, ಹತ್ತನೇ ಕ್ಲಾಸಿನವಳಿಗೆ ಅದೆಲ್ಲ ಯಾಕೆ ಅನ್ನೋದು ನಿಮ್ಮ ಮಾತು. ನಾನು ಹೇಳೋದೂ ಸ್ವಲ್ಪ ಕೇಳಿ. ಫೋನ್ ವಾಪಸ್ ಕೊಡಿ, ಪಕ್ಕದಲ್ಲಿ ನೀವೂ ಕೂತು ನೋಡಿ.

ರೂಪಾ ರಾವ್ ಬರೆದು ನಿರ್ದೇಶಿಸಿದ ಸಿನಿಮಾ ಅದು. ಬಂದದ್ದು 2019ರಲ್ಲಿ. ನ್ಯೂಯಾರ್ಕಿನ ಭಾರತೀಯ ಚಿತ್ರೋತ್ಸವದಲ್ಲಿ ಅದರ ಚಿತ್ರಕಥೆಗೆ ಪ್ರಶಸ್ತಿ ಸಿಕ್ಕಿತು. ತೊಂಬತ್ತರ ದಶಕದ ಬೆಂಗಳೂರಿನ ಒಂದು ಹೈಸ್ಕೂಲು. ಸಲ್ಮಾನ್ ಖಾನ್ ಸಿನಿಮಾದ ಹುಚ್ಚು ಹಿಡಿಸಿಕೊಂಡ ಮೀರಾ ಅನ್ನೋ ಹುಡುಗಿಗೆ ತನ್ನ ಕ್ಲಾಸಿನ ಮಧು ಇಷ್ಟವಾಗುತ್ತಾನೆ. ಮೀರಾ ಆಗಿರೋದು ತೇಜು ಬೆಳವಾಡಿ. ಇಡೀ ಕಥೆಯನ್ನು ಹುಡುಗಿಯೇ ಹೇಳುತ್ತಾಳೆ. ಅವಳ ಮನಸ್ಸಿನಲ್ಲಿ ಏನು ನಡೆಯಿತು, ಯಾವುದಕ್ಕೆ ನಾಚಿಕೆ, ಯಾವುದಕ್ಕೆ ಭಯ, ಎಲ್ಲ ಅವಳ ಮಾತಿನಲ್ಲೇ ಬರುತ್ತದೆ. ಕೊನೆಗೆ ಪರೀಕ್ಷೆಯ ಫಲಿತಾಂಶ ಆ ಹುಡುಗನ ಜೀವ ತೆಗೆಯುತ್ತದೆ. ಅದನ್ನು ಹೊತ್ತುಕೊಂಡು ಅವಳು ಬಾಳಬೇಕು. ಅಂಥದ್ದನ್ನು ಬರೀ ‘ಲವ್ ಸಿನಿಮಾ’ ಅಂತ ತಳ್ಳಿಹಾಕಬೇಡಿ ಅಕ್ಕಾ.

ಕನ್ನಡದಲ್ಲಿ ಇಂಥ ಸಿನಿಮಾ ಎಷ್ಟಿವೆ ಹೇಳಿ? ಚಿಕ್ಕಮಕ್ಕಳದು ಬೇಕೆಂದರೆ 1993ರ ‘ಚಿನ್ನಾರಿ ಮುತ್ತ’ ಇದೆ. ರಿಷಬ್ ಶೆಟ್ಟಿಯವರು 2018ರಲ್ಲಿ ಮಾಡಿದ ಕಾಸರಗೋಡಿನ ಹಿರಿಯ ಪ್ರಾಥಮಿಕ ಶಾಲೆಯ ಸಿನಿಮಾಕ್ಕೆ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿಯೇ ಬಂತು. ಕಾಲೇಜಿನದು ಬೇಕೆಂದರೆ ‘ಕಿರಿಕ್ ಪಾರ್ಟಿ’ ಇದೆ, ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ ಇದೆ. ನಡುವೆ ಎಂಟು, ಒಂಬತ್ತು, ಹತ್ತು ಅಂತ ಮೂರು ವರ್ಷ ಇದೆಯಲ್ಲ, ಅದನ್ನೇ ಜೀವವಾಗಿ ಇಟ್ಟುಕೊಂಡ ಸಿನಿಮಾ ಬಲು ಕಡಿಮೆ. ಬಂದರೂ ದೊಡ್ಡವನಾದ ನಾಯಕನ ನೆನಪಿನ ಒಂದು ಹಾಡಾಗಿ ಬಂದು ಹೋಗುತ್ತದೆ.

ಬೆಂಗಳೂರಿನ ಹುಡುಗಿಗೆ ಒಂದು ‘ಗಂಟುಮೂಟೆ’ ಸಿಕ್ಕಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳ ಕಥೆ ಯಾರು ಹೇಳುತ್ತಾರೆ? “ನಮ್ಮೂರಲ್ಲಿ ಏನಿದೆ ಕಥೆ?” ಅಂತೀರಿ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆ ನೋಡಿ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಬೇಕು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಎಷ್ಟು ಕೈಯಿದ್ದರೂ ಸಾಲದು. ಆವತ್ತೇ ಹುಡುಗನಿಗೆ ಗಣಿತದ ಪರೀಕ್ಷೆ ಇದ್ದರೆ ಅವನು ಎಲ್ಲಿರಬೇಕು? ಅಪ್ಪನ ಸಾಲ ತೀರೋದು ಗೂಡಿನಿಂದ, ಅವನ ಬಾಳು ತೆರೆಯೋದು ಶಾಲೆಯಿಂದ. ಇಬ್ಬರದೂ ಸರಿಯೇ. ನಾಟಕ ಹುಟ್ಟೋದು ಅಲ್ಲೇ ತಾನೆ?

ಚಿಂತಾಮಣಿಗೆ ಹೋಗಿ. ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ, ಪಕ್ಕದ ಬೆಂಚಿನವಳ ಮನೆಯಲ್ಲಿ ಉರ್ದು. ಕೈವಾರದ ನಾರೇಯಣ ಯತೀಂದ್ರರು ತೆಲುಗು, ಕನ್ನಡ ಎರಡರಲ್ಲೂ ಹಾಡಿದ ಸೀಮೆ ಇದು. ಯಾವ ಮಾತಿನಲ್ಲಿ ಬೈದುಕೊಳ್ಳಬೇಕು, ಯಾವ ಮಾತಿನಲ್ಲಿ ಗುಟ್ಟು ಹೇಳಬೇಕು ಅನ್ನೋದು ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಆ ಸಂಭಾಷಣೆಯನ್ನು ಪರದೆಯ ಮೇಲೆ ಕೇಳಬೇಕು ಅಂತ ನನಗೆ ಆಸೆ.

ಇನ್ನು ಚಿಕ್ಕಬಳ್ಳಾಪುರ ಊರು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬೆಂಗಳೂರು ನಂದಿಬೆಟ್ಟದ ಬುಡದವರೆಗೂ ಕೈಚಾಚಿತು. ದ್ರಾಕ್ಷಿ ತೋಟದ ಪಕ್ಕದಲ್ಲೇ ಲೇಔಟ್ ಎದ್ದಿದೆ. ಒಂದೇ ಬೆಂಚಿನಲ್ಲಿ ಜಮೀನು ಮಾರಿದವರ ಮಗ, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರ ಮಗ ಇಬ್ಬರೂ ಕೂತಿದ್ದಾರೆ. ಒಬ್ಬನಿಗೆ ಹೊಸ ಬೈಕು ಬಂತು, ಇನ್ನೊಬ್ಬನ ಮನೆಯ ಕೂಲಿ ಹೋಯಿತು. ಅವರ ಸ್ನೇಹ ಏನಾಗುತ್ತದೆ?

ಇಂಥ ಸಿನಿಮಾಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ ಅಕ್ಕಾ. ಅಮೆರಿಕದ ಜಾನ್ ಹ್ಯೂಸ್ 1985ರಲ್ಲಿ ‘ದಿ ಬ್ರೇಕ್‌ಫಾಸ್ಟ್ ಕ್ಲಬ್’ ಮಾಡಿದರು. ಶಿಕ್ಷೆಗೆಂದು ಶನಿವಾರ ಶಾಲೆಗೆ ಬಂದ ಐದು ಮಕ್ಕಳು, ಹೆಚ್ಚು ಕಡಿಮೆ ಒಂದೇ ಲೈಬ್ರರಿ. ಮಕ್ಕಳು ಕೂತು ಮಾತಾಡುತ್ತಾರೆ, ಅಷ್ಟೇ. ಜನ ಇವತ್ತಿಗೂ ನೋಡುತ್ತಾರೆ.

ದೊಡ್ಡ ಕಥೆಯೇ ಬೇಕೆಂದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿದೆ. ಎಚ್. ನರಸಿಂಹಯ್ಯನವರು ಬಡತನದಲ್ಲಿ ಹುಟ್ಟಿದ್ದು ಅಲ್ಲಿ, 1920ರಲ್ಲಿ. ಹೈಸ್ಕೂಲು ಓದಬೇಕು ಅಂತ 1935ರಲ್ಲಿ ಊರಿಂದ ಬೆಂಗಳೂರಿಗೆ ಎರಡು ದಿನ ನಡೆದುಕೊಂಡೇ ಹೋದರು, 80 ಕಿ.ಮೀ.ಗೂ ಹೆಚ್ಚು ದೂರ. ಮಾರನೇ ವರ್ಷ ಅವರು ಓದುತ್ತಿದ್ದ ನ್ಯಾಷನಲ್ ಹೈಸ್ಕೂಲಿಗೆ ಗಾಂಧೀಜಿ ಬಂದಾಗ, ಗಾಂಧೀಜಿಯ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದವನು ಇದೇ ಹುಡುಗ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಗೌರಿಬಿದನೂರು, ಬಾಗೇಪಲ್ಲಿಗೆ ಕಾಲೇಜು ತಂದರು. ಆ ಎರಡು ದಿನದ ನಡಿಗೆಯೊಂದೇ ಒಂದು ಸಿನಿಮಾಕ್ಕೆ ಸಾಕು.

ಆ ಕಾಲದಲ್ಲಿ ಹೈಸ್ಕೂಲು ಸೇರೋದೇ ಕಷ್ಟ. ಈಗ ಸೇರಿದ ಮೇಲೆ ಮಾರ್ಕ್ಸಿನ ಭಯ. ಎಸ್ಸೆಸ್ಸೆಲ್ಸಿ ಹೋದರೆ ಬಾಳೇ ಹೋಯಿತು ಅಂತ ಮಕ್ಕಳಿಗೆ ಅನ್ನಿಸಿರುವುದು ನಮ್ಮ ಮಾತು ಕೇಳಿಯೇ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು, ಈಗಲೂ ಮೊದಲನೆಯದು ಹೋದರೆ ಅದೇ ವರ್ಷ ಮತ್ತೆ ಬರೆಯಬಹುದು. ಮನಸ್ಸು ಕುಗ್ಗಿದವರು ಮಾತಾಡೋಕೆ 14416 ಅಂತ ಟೆಲಿ ಮಾನಸ್ ನಂಬರಿದೆ. ಇದನ್ನು ಫಲಿತಾಂಶ ಬಂದ ದಿನ ಹೇಳಿದರೆ ತಡವಾಗುತ್ತದೆ, ಮೊದಲೇ ಹೇಳಬೇಕು. ಮಧುವಿನ ಕಥೆಯನ್ನು ಮಗಳ ಜೊತೆ ಕೂತು ನೋಡಿದರೆ ಈ ಮಾತು ತೆಗೆಯೋದು ಸುಲಭ. ಅದಕ್ಕೇ ನೋಡಿ ಅಂದದ್ದು.

ನಮ್ಮ ಜಿಲ್ಲೆಯಿಂದ ಹೋಗಿ ಗಾಂಧಿನಗರದ ಸಿನಿಮಾ ಮಂದಿಯ ಜೊತೆ ದುಡಿಯುತ್ತಿರುವ ಹುಡುಗ ಹುಡುಗಿಯರಿಗೂ ನನ್ನದೊಂದು ಕೋರಿಕೆ. ಒಂದು ಸಲ ಊರಿಗೆ ಬಂದು ಇಲ್ಲಿನ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ಕೂತುಕೊಳ್ಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಸಿನಿಮಾ ಮಾಡಿ. ನೋಡೋಕೆ ನಾವಿದ್ದೇವೆ.